ಜೋಳದ ಮೂಟೆಯ ಆಚೆಗಿನ ಡ್ರಮ್ಮು

ಯಾವ ಕೋಣೆಗೆ ಕಾಲಿಟ್ಟರೂ ಒಂದು ಸಲ ಚಪ್ಪಾಳೆ ತಟ್ಟುವುದು ನನಗೆ ಅಂಟಿಕೊಂಡಿರುವ ಅಭ್ಯಾಸ. ಸದ್ದು ಗೋಡೆಗೆ ಬಡಿದು ಹೇಗೆ ವಾಪಸು ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳಿಕೊಂಡರೆ ಆ ಕೋಣೆಯ ಗುಣ ಅರ್ಧ ತಿಳಿದ ಹಾಗೆ. ಇದನ್ನು ಯಾರಿಗೂ ತಿಳಿಯದಂತೆ ಮಾಡುತ್ತೇನೆ ಎಂದು ನಾನು ಅಂದುಕೊಂಡಿದ್ದೇನೆ. ಹಾಗಿಲ್ಲ ಎನ್ನುವುದು ನನ್ನ ಹೆಂಡತಿ ಗಿರಿಜೆಯ ಅಭಿಪ್ರಾಯ. ಒಮ್ಮೆ ಚನ್ನರಾಯಪಟ್ಟಣದಲ್ಲಿ ಅವಳ ಕಡೆಯ ನೆಂಟರೊಬ್ಬರು ತೀರಿಕೊಂಡಿದ್ದರು. ಮಾತನಾಡಿಸಿಕೊಂಡು ಬರಲು ಹೋದೆವು. ಸಾಮಾನುಗಳನ್ನೆಲ್ಲ ಹೊರಗೆ ಹಾಕಿ ಖಾಲಿ ಮಾಡಿದ್ದ ದೊಡ್ಡ ಹಜಾರ. ಬಾಗಿಲು ದಾಟುತ್ತಿದ್ದಂತೆ ಕೈ ತಾನಾಗಿ ಮೇಲೆದ್ದು ಚಪ್ಪಾಳೆ ತಟ್ಟಿಬಿಟ್ಟಿತು. ಅಳುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಗಿರಿಜೆ ತಕ್ಷಣ, "ಸೊಳ್ಳೆ ಜಾಸ್ತಿ ಅಲ್ವಾ" ಎಂದು ಮರ್ಯಾದೆ ಉಳಿಸಿದಳು. ಬಸ್ಸಿನಲ್ಲಿ ಕೂತ ಮೇಲೆ, "ಇನ್ನು ಸಾವಿನ ಮನೆಗೆ ಕೈ ಕಟ್ಕೊಂಡೇ ಬರಬೇಕು ನೀವು. ಬೇಕಾದ್ರೆ ಹಗ್ಗ ನಾನೇ ತರ್ತೀನಿ" ಅಂದಳು.

ನನ್ನ ಕಸುಬೇ ಅಂಥದ್ದು. ಹಾಸನದಲ್ಲಿ ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿ ಸಣ್ಣ ರೆಕಾರ್ಡಿಂಗ್ ಕೋಣೆ ಇಟ್ಟುಕೊಂಡಿದ್ದೇನೆ. ಶುರು ಮಾಡಿದ ಹೊಸದರಲ್ಲಿ, ಸದ್ದು ಹೀರುತ್ತವೆ ಎನ್ನುವ ಯಾರದೋ ಮಾತು ಕೇಳಿ, ಗೋಡೆ ತುಂಬ ಮೊಟ್ಟೆಯ ಟ್ರೇಗಳನ್ನು ಅಂಟಿಸಿದೆ. ನಮ್ಮದು ಮೊಟ್ಟೆಯ ನೆರಳೂ ಬೀಳದ ಮನೆ. ನೋಡಲು ಬಂದ ಅಮ್ಮ ಹೊಸಲಿನಲ್ಲೇ ನಿಂತು, "ಅಂಗಡಿ ಇಡೋದಾದ್ರೆ ಬೇರೆ ವ್ಯಾಪಾರ ಸಿಕ್ಕಲಿಲ್ವೇನಪ್ಪ?" ಎಂದು ಕೇಳಿದರು. ಟ್ರೇಗಳಿಂದ ಹೇಳಿಕೊಳ್ಳುವಂಥ ಉಪಯೋಗವೇನೂ ಆಗುವುದಿಲ್ಲ ಎನ್ನುವುದು ಆಮೇಲೆ ತಿಳಿಯಿತು. ಅಷ್ಟು ಹೊತ್ತಿಗೆ ಕೆಳಗಿನ ಬೀದಿಯ ಇಬ್ಬರು ಹೆಂಗಸರು ಚೀಲ ಹಿಡಿದುಕೊಂಡು ಮೊಟ್ಟೆ ಕೇಳಲು ಮೆಟ್ಟಿಲು ಹತ್ತಿ ಬಂದಾಗಿತ್ತು.

ಆ ಕೋಣೆಯಲ್ಲಿ ಭಜನೆ ಹಾಡುವವರನ್ನು ರೆಕಾರ್ಡ್ ಮಾಡುತ್ತೇನೆ. ಟ್ಯೂಷನ್ ಕೇಂದ್ರಗಳ ಪ್ರಚಾರ, ಆಟೊಗಳ ಮೇಲೆ ಕೂಗಿಸುವ ಪ್ರಕಟಣೆ, ಎಲ್ಲವೂ ಅಲ್ಲೇ. ಹಳೇ ಕಬ್ಬಿಣ, ಹಳೇ ಪ್ಲಾಸ್ಟಿಕ್, ಕೆಟ್ಟುಹೋದ ಮಿಕ್ಸಿ ಎಂದು ಅರಕಲಗೂಡಿನ ಬೀದಿಗಳಲ್ಲಿ ತಿರುಗುವ ದನಿ ನನ್ನದೇ. ನಾನೇ ಒಂದು ಸಲ ಆ ಆಟೊಗೆ ಅಡ್ಡ ಸಿಕ್ಕಿ, ನನ್ನದೇ ದನಿಯಿಂದ ತಪ್ಪಿಸಿಕೊಂಡು ಚರಂಡಿಯ ಪಕ್ಕಕ್ಕೆ ಹಾರಿದ್ದೇನೆ.

ಸದ್ದಿನ ವಿಷಯದಲ್ಲಿ ನನಗೆ ಇಷ್ಟು ಗಮನ ಏಕೆ ಎಂದು ಯೋಚಿಸಿದರೆ ಹೊಳೆನರಸೀಪುರದ ನಮ್ಮ ಮನೆ ನೆನಪಾಗುತ್ತದೆ. ಮನೆಗೂ ಹಿಟ್ಟಿನ ಗಿರಣಿಗೂ ನಡುವೆ ಒಂದೇ ಗೋಡೆ. ಗಿರಣಿ ಓಡುವಾಗ ಗೂಡಿನಲ್ಲಿಟ್ಟ ಲೋಟ ತಾನಾಗಿ ಅಂಚಿನವರೆಗೆ ನಡೆದುಕೊಂಡು ಬರುತ್ತಿತ್ತು. ಆ ಸದ್ದಿನ ಮೇಲೆ ಮಾತನಾಡಿ ಮಾತನಾಡಿ ನಮ್ಮ ಮನೆಯವರದೆಲ್ಲ ಎತ್ತರದ ಗಂಟಲು. ಕರೆಂಟು ಹೋಗಿ ಗಿರಣಿ ನಿಂತರೂ ನಾವು ನಿಲ್ಲುತ್ತಿರಲಿಲ್ಲ. ಬೇರೆ ದಿನ ಗಿರಣಿ ಮುಚ್ಚಿಡುತ್ತಿದ್ದ ನಮ್ಮ ಗುಟ್ಟುಗಳೆಲ್ಲ ಆಗ ಬೀದಿಗೆ ಕೇಳುತ್ತಿದ್ದವು. ಅಕ್ಕನನ್ನು ನೋಡಲು ಬಂದ ಗಂಡಿನ ಹಲ್ಲು ಉಬ್ಬು ಎಂದು ಅಮ್ಮ ಒಳಮನೆಯಲ್ಲಿ ಪಿಸುಗುಟ್ಟಿದ್ದು ಜಗಲಿಯ ಮೇಲೆ ಕೂತಿದ್ದ ಗಂಡಿಗೇ ಕೇಳಿಸಿತ್ತು. ಆತ ನಕ್ಕನಂತೆ. ಅವನೇ ಈಗ ನಮ್ಮ ಭಾವ. ಒಂದು ಸದ್ದು ಇನ್ನೊಂದರ ಜಾಗಕ್ಕೆ ಸೋರಿದರೆ ಏನೇನಾಗುತ್ತದೆ ಎನ್ನುವುದು ನನಗೆ ಪುಸ್ತಕದಿಂದ ತಿಳಿದದ್ದಲ್ಲ ಎಂದು ಹೇಳಲು ಹೊರಟೆ, ಮಾತು ಭಾವನ ಹಲ್ಲಿಗೆ ಹೋಯಿತು.

ಈಗ ಅರಕಲಗೂಡಿನ ಬ್ಯಾಂಡ್ ಸೆಟ್ಟಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಮುಂದೂಡಿದ್ದೇನೆ. ಕಂಡದ್ದನ್ನು ಕಂಡ ಹಾಗೆ, ಹೆಚ್ಚು ಕಡಿಮೆ ಇಲ್ಲದೆ ಬರೆಯಲು ಪ್ರಯತ್ನಿಸುತ್ತೇನೆ.

ಮದುವೆ ದಿಬ್ಬಣದ ಮುಂದೆ ಕೆಂಪು ಕೋಟು ಹಾಕಿಕೊಂಡು ನಡೆಯುವ ಬ್ಯಾಂಡು ಅದು. ಮುಂದೆ ಕ್ಲಾರಿನೆಟ್ ಹಿಡಿದು ನಡೆಯುವವರು ಪುಟ್ಟರಾಜಣ್ಣ. ಅವರೇ ಮೇಷ್ಟ್ರು, ತಂಡ ಕಟ್ಟಿದವರೂ ಅವರೇ. ಅವರ ಬೆನ್ನ ಹಿಂದೆಯೇ ಹೊಟ್ಟೆಯ ಮೇಲೆ ದೊಡ್ಡ ಡ್ರಮ್ಮು ಹೊತ್ತು ನಡೆಯುವವರು ತಿಮ್ಮಯ್ಯ. ಇಬ್ಬರೂ ಒಂದೇ ವಯಸ್ಸಿನವರು, ಒಟ್ಟಿಗೇ ಮುದುಕರಾದವರು. ಬ್ಯಾಂಡುಗಳಲ್ಲಿ ದೊಡ್ಡ ಡ್ರಮ್ಮು ಕೊನೆಯಲ್ಲಿ ಬರುವುದು ವಾಡಿಕೆ. ಈ ಬ್ಯಾಂಡಿನಲ್ಲಿ ಮಾತ್ರ ಅದು ಮೇಷ್ಟ್ರ ಬೆನ್ನಿಗೆ ಅಂಟಿಕೊಂಡಂತೆ ಬರುತ್ತಿತ್ತು. ಏಕೆ ಎಂದು ಯಾರೂ ಕೇಳಿರಲಿಲ್ಲ. ಟ್ರಂಪೆಟ್ ಊದುವವನು ಪುಟ್ಟರಾಜಣ್ಣನ ಸೋದರಳಿಯ ಲೋಕೇಶ. ಬುಕಿಂಗ್ ಹಿಡಿಯುವುದು, ಫೋನ್ ಎತ್ತುವುದು, ಜಗಳ ಆಡುವುದು ಎಲ್ಲ ಅವನದೇ ಕೆಲಸ. ಉಳಿದ ನಾಲ್ಕಾರು ಜನ ಊದುವವರು, ಬಡಿಯುವವರು.

ಲೋಕೇಶ ನನ್ನ ಕೋಣೆಗೆ ಬಂದದ್ದು ಒಂದು ದೂರು ಹಿಡಿದುಕೊಂಡು.

"ಈಗ ಯಾವ ಪಾರ್ಟಿನೂ ಬಂದು ಕೇಳಕಿಲ್ಲ ಸಾ. ವಾಟ್ಸಾಪಲ್ಲಿ ಆಕ್ರಪ್ಪ, ಕೇಳ್ತೀವಿ ಅಂತಾರೆ. ನಾವು ಫೋನಲ್ಲಿ ಇಡ್ಕಂಡು ಕಳ್ಸುದ್ರೆ ಬರೀ ಡಮಾರ್ ಡಮಾರ್. ಒಬ್ಬರಂತೂ ಕೇಳ್ಬುಟ್ರು, ಏನಯ್ಯ, ಮದುವೆಗೆ ಬರೋ ಬ್ಯಾಂಡೋ, ಬಂಡೆ ಸಿಡ್ಸೋರೋ ಅಂತ. ಮಾವ ಅಷ್ಟು ಚೆಂದಾಗಿ ಊದ್ತಾನೆ, ಒಂದು ಸೊರನೂ ಕೇಳಕಿಲ್ಲ. ತಿಮ್ಮಯ್ಯಂಗೆ ಏಳಿ ಏಳಿ ಸಾಕಾಯ್ತು. ಮೆತ್ತಗೆ ಒಡಿ ಮಾರಾಯ ಅಂದ್ರೆ ಊಂ ಅಂತಾನೆ, ಅಂಗೇ ಒಡೀತಾನೆ."

ನನ್ನ ಕೋಣೆಯಲ್ಲಿ ಅಷ್ಟು ಜನ ಹಿಡಿಸುವುದಿಲ್ಲ. ಅರಕಲಗೂಡಿನಲ್ಲಿ ಮುಸುಕಿನ ಜೋಳ ತುಂಬುವ ಒಂದು ಗೋದಾಮನ್ನು ಲೋಕೇಶ ಒಂದು ಹಗಲಿನ ಮಟ್ಟಿಗೆ ಕೇಳಿಕೊಂಡಿದ್ದ. ತಗಡಿನ ಮಾಡು, ಸಿಮೆಂಟಿನ ನೆಲ. ಒಂದು ಪಕ್ಕದಲ್ಲಿ ಜೋಳದ ಮೂಟೆಗಳ ಒಟ್ಟಿಲು. ನಾನು ಚಪ್ಪಾಳೆ ತಟ್ಟಿದೆ. ಸದ್ದು ಮಾಡಿನ ಕೆಳಗೆ ಸುತ್ತಾಡಿ, ಹೊರಗೆ ಹೋಗುವ ದಾರಿ ಸಿಕ್ಕದ ಹಾಗೆ ಅಲ್ಲೇ ಉಳಿಯಿತು. ಆದರೆ ಮೂಟೆಗಳ ಕಡೆಗೆ ತಿರುಗಿ ತಟ್ಟಿದಾಗ ವಾಪಸು ಬಂದದ್ದು ತೀರ ಕಡಿಮೆ. ನನಗೆ ಸಂತೋಷವಾಯಿತು. ಜೋಳ ಸದ್ದನ್ನು ನುಂಗುತ್ತದೆ ಎನ್ನುವುದು ನನಗೂ ಹೊಸ ವಿಷಯ.

ಮೊದಲು ಅವರು ರಸ್ತೆಯಲ್ಲಿ ನಿಲ್ಲುವ ಹಾಗೆಯೇ ನಿಲ್ಲಿಸಿ, ಒಬ್ಬೊಬ್ಬರ ಮುಂದೆ ಒಂದೊಂದು ಮೈಕು ಇಟ್ಟೆ. ಪುಟ್ಟರಾಜಣ್ಣ ಕ್ಲಾರಿನೆಟ್ ಎತ್ತಿ ತಲೆ ಒಂದಿಷ್ಟು ಬಾಗಿಸಿದರು. ಬ್ಯಾಂಡು ಶುರುವಾಯಿತು. ಶುರುವಾದ ಕೂಡಲೇ ಎಲ್ಲರೂ ನಡೆಯಲು ತೊಡಗಿದರು. ಮೈಕುಗಳು ಹಿಂದೆ ಉಳಿದವು. ನಾನು ಕೈ ಬೀಸುತ್ತಾ ಓಡಿದೆ. ಗೋಡೆ ಸಿಕ್ಕಿದ ಮೇಲೆ ನಿಂತರು.

"ನಿಂತ್ಕಂಡು ಬಾರ್ಸಿ ಅಬ್ಯಾಸ ಇಲ್ಲ ಸಾ," ಎಂದ ಲೋಕೇಶ. "ಉಸ್ರು ಇಡುದ್ರೆ ಕಾಲು ತಾನೇ ಓಯ್ತದೆ."

ಸೀಮೆಸುಣ್ಣದಲ್ಲಿ ಒಬ್ಬೊಬ್ಬರಿಗೆ ಒಂದೊಂದು ವೃತ್ತ ಬರೆದೆ. ಗೆರೆ ದಾಟಬಾರದು ಎಂದೆ. ಅವರು ವೃತ್ತದೊಳಗೇ ಕಾಲು ಎತ್ತಿ ಇಟ್ಟು ನಡೆದರು. ನೋಡಲು ತಮಾಷೆಯಾಗಿತ್ತು, ಕೇಳಲು ಅಲ್ಲ. ಒಂದು ಕೋಣೆಯಲ್ಲಿ ಹಲವರು ಒಟ್ಟಿಗೆ ಬಾರಿಸಿದರೆ ಒಬ್ಬರ ಮೈಕಿಗೆ ಇನ್ನೊಬ್ಬರ ಸದ್ದು ಸೋರಿಕೊಂಡು ಬರುತ್ತದೆ. ಪುಟ್ಟರಾಜಣ್ಣನ ಮೈಕಿನಲ್ಲಿ ಕ್ಲಾರಿನೆಟ್ಟಿಗಿಂತ ತಿಮ್ಮಯ್ಯನ ಡ್ರಮ್ಮೇ ಹೆಚ್ಚಾಗಿತ್ತು. ಲೋಕೇಶ ಅದನ್ನು ಕೇಳಿಸಿಕೊಂಡು, ಮಾವನ ಕಿವಿಯ ಬಳಿ ಹೋಗಿ ಗಟ್ಟಿಯಾಗಿ ವರದಿ ಒಪ್ಪಿಸಿದ. ಪುಟ್ಟರಾಜಣ್ಣ ಹಿಂದಕ್ಕೆ ತಿರುಗಿ ಎಲ್ಲರ ಮುಂದೆಯೇ ಗದರಿದರು:

"ಏನ್ಲಾ ತಿಮ್ಮ, ಕಣ ಬಡಿಯೋಕೆ ಬಂದಿದ್ದೀಯೇನ್ಲಾ? ವಯಸ್ಸಾದಂಗೆ ಕೈ ಬಿಗಿ ಇರ್ಬೇಕು ಕಣ್ಲಾ. ಊರೋರೆಲ್ಲ ನಿಂದೇ ದೂರು ಏಳ್ತಾರೆ."

ತಿಮ್ಮಯ್ಯ ಕೋಲಿನ ತುದಿಯ ಬಟ್ಟೆಯನ್ನು ಬಿಗಿಮಾಡಿಕೊಳ್ಳುತ್ತಾ "ಊಂ" ಅಂದರು. ಅಷ್ಟೇ.

ಸೋರಿಕೆ ಕಡಿಮೆ ಮಾಡುವುದಕ್ಕೆ ಇರುವ ದಾರಿಗಳು ಕೆಲವೇ. ಮೈಕನ್ನು ವಾದ್ಯದ ಹತ್ತಿರ ಒಯ್ಯಬೇಕು. ಮೈಕಿಗೂ ಮುಖ ಬೆನ್ನು ಇರುತ್ತವೆ. ಬೆನ್ನ ಕಡೆಯ ಸದ್ದನ್ನು ಅದು ಅಷ್ಟಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ, ಆದ್ದರಿಂದ ಬೆನ್ನನ್ನು ಡ್ರಮ್ಮಿನ ಕಡೆಗೆ ತಿರುಗಿಸಬೇಕು. ಜೋರಿನ ವಾದ್ಯವನ್ನು ದೂರ ಇಡಬೇಕು. ನಡುವೆ ಅಡ್ಡ ಕಟ್ಟಬೇಕು. ಎಲ್ಲವನ್ನೂ ಮಾಡಿದೆ. ತಗಡಿನ ಗೋಡೆಗೆ ಕಂಬಳಿ ಇಳಿಬಿಟ್ಟೆ. ಜೋಳದ ಮೂಟೆಗಳನ್ನು ಎಲ್ಲರೂ ಸೇರಿ ಹೊತ್ತು, ಗೋದಾಮಿನ ನಡುವೆ ಆಳೆತ್ತರದ ಗೋಡೆ ಎಬ್ಬಿಸಿದೆವು. ತಿಮ್ಮಯ್ಯ ಅದರ ಆಚೆ ಮೂಲೆಗೆ ಹೋಗಲಿ ಎಂದೆ.

ತಿಮ್ಮಯ್ಯ ಕದಲಲಿಲ್ಲ. "ನಾನು ಅವ್ನ ಇಂದೇನೇ ನಿಂತ್ಕತೀನಿ ಸಾ," ಎಂದರು.

"ಅಲ್ಲೇ ನಿಂತರೆ ಇಷ್ಟೆಲ್ಲ ಮಾಡಿದ್ದು ದಂಡ ಅಲ್ವಾ ತಿಮ್ಮಯ್ಯ?"

"ಮೆತ್ತಗೆ ಒಡೀತೀನಿ ಬಿಡಿ. ಇಂದೆ ನಿಂತ್ರೆ ಸರೋಯ್ತದೆ."

ಅವರು ಅಷ್ಟು ಮಾತನಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಅವರಿಗೆ ಮೈಕಿನ ಬೆನ್ನಿನ ವಿಚಾರ ವಿವರಿಸಿದೆ. ಅವರು ನನ್ನ ಮುಖವನ್ನೇ ನೋಡುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಡ್ರಮ್ಮು ಎತ್ತಿಕೊಂಡು ಮೂಟೆಗಳ ಆಚೆಗೆ ಹೋದರು.

ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತು ಎಲ್ಲ ಸರಿಯಾಗಿತ್ತು. ಆಮೇಲೆ ಕ್ಲಾರಿನೆಟ್ ತಾಳದಿಂದ ಒಂದು ಎಳೆಯಷ್ಟು ಹಿಂದೆ ಬಿತ್ತು. ಮತ್ತೆ ಇನ್ನಷ್ಟು. ಕೊನೆಗೆ ಅದು ತನ್ನ ಪಾಡಿಗೆ ಬೇರೆ ದಾರಿಯಲ್ಲಿ ಹೋಗುತ್ತಿತ್ತು. ಊದುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಬ್ಬೊಬ್ಬರಾಗಿ ನಿಲ್ಲಿಸಿದರು. ಪುಟ್ಟರಾಜಣ್ಣ ಇನ್ನೂ ನುಡಿಸುತ್ತಲೇ ಇದ್ದರು. ಕಣ್ಣು ಬಿಟ್ಟು ನೋಡಿ, ಬೇರೆಯವರ ಕೈಗಳೆಲ್ಲ ಇಳಿದಿರುವುದನ್ನು ಕಂಡು ನಿಲ್ಲಿಸಿದರು.

"ಈ ಮೂಟೆ ಅಡ್ಡ. ಯಾರೂ ಕಾಣಕಿಲ್ಲ," ಎಂದರು.

ಸರಿ ಎಂದು ಮೇಲಿನ ಮೂಟೆಗಳನ್ನು ಇಳಿಸಿ ಎದೆಮಟ್ಟ ಮಾಡಿದೆವು. ಆದರೂ ಹಾಗೇ ಆಯಿತು. ಪುಟ್ಟರಾಜಣ್ಣನ ಬೆನ್ನು ಡ್ರಮ್ಮಿನ ಕಡೆಗಿತ್ತು. ಮೂಟೆ ಇದ್ದರೂ ಇಲ್ಲದಿದ್ದರೂ ತಿಮ್ಮಯ್ಯನ ಕೈ ಕಾಣುವಂತಿರಲಿಲ್ಲ. ನಾನು ಅದನ್ನು ಅಷ್ಟು ಯೋಚಿಸಲಿಲ್ಲ. ನನ್ನ ಬಳಿ ಹೆಡ್‌ಫೋನ್ ಇತ್ತು. ಡ್ರಮ್ಮಿನ ಸದ್ದನ್ನು ಅದಕ್ಕೆ ಕೊಟ್ಟು ಪುಟ್ಟರಾಜಣ್ಣನ ಪೇಟ ತೆಗೆಸಿ ಕಿವಿಗೆ ಹಾಕಿದೆ. "ಕೇಳ್ತಾ ಇದೆಯಾ?" ಎಂದು ಸನ್ನೆ ಮಾಡಿದೆ. ಅವರು ಕೈ ಮೇಲಕ್ಕೆ ಆಡಿಸಿದರು. ಸದ್ದು ಏರಿಸಿದೆ. ಮತ್ತೆ ಕೈ ಆಡಿಸಿದರು. ಹೀಗೆ ಏರಿಸುತ್ತಾ ಹೋಗಿ ತಿರುಗುವ ಗುಂಡಿ ಕೊನೆಗೆ ಬಂದಾಗ ಅವರ ಮುಖ ಅರಳಿತು.

ಈ ಸಲ ಅವರು ನುಡಿಸಿದ್ದನ್ನು ಕೇಳಬೇಕಿತ್ತು. ತಾಳದ ಮೇಲೆ ಕೂತುಕೊಂಡೇ ಹೋಗುವ ನುಡಿಸಾಣಿಕೆ. ಆದರೆ ನನ್ನ ಗಮನ ಬೇರೆ ಕಡೆ ಇತ್ತು. ಇಷ್ಟೆಲ್ಲ ಮೂಟೆ ಕಟ್ಟಿದ ಮೇಲೂ ಪುಟ್ಟರಾಜಣ್ಣನ ಮೈಕಿನಲ್ಲಿ ಸಣ್ಣಗೆ, ತಗಡು ಕುಟ್ಟಿದ ಹಾಗೆ, ಡ್ರಮ್ಮು ಕೇಳುತ್ತಲೇ ಇತ್ತು. ಎಲ್ಲಿಂದ ಸೋರುತ್ತಿದೆ? ನಾನು ಕಂಬಳಿ ಮುಟ್ಟಿ ನೋಡಿದೆ, ಮೂಟೆಗಳ ಸಂದಿಗೆ ಕಿವಿಯಿಟ್ಟೆ. ಹುಡುಕುತ್ತಾ ಹುಡುಕುತ್ತಾ ಪುಟ್ಟರಾಜಣ್ಣನ ಪಕ್ಕಕ್ಕೆ ಬಂದೆ. ಡ್ರಮ್ಮು ಅವರ ಕಿವಿಯ ಹೆಡ್‌ಫೋನಿನಿಂದ ಹೊರಗೆ ಬರುತ್ತಿತ್ತು. ಒಂದು ಮಾರು ದೂರಕ್ಕೆ ಕೇಳುವಷ್ಟು ಜೋರಾಗಿ. ಅಷ್ಟು ಸದ್ದನ್ನು ನಾನಾದರೆ ಒಂದು ಗಳಿಗೆಯೂ ಕಿವಿಯ ಮೇಲೆ ಇಟ್ಟುಕೊಳ್ಳಲಾರೆ.

ನನಗೆ ಅರ್ಥವಾಯಿತು. ಅಲ್ಲಿಂದ ಸುಮ್ಮನೆ ಸರಿಯಬೇಕು ಎಂದುಕೊಳ್ಳುವಷ್ಟರಲ್ಲಿ ಹಾಡು ಮುಗಿಯಿತು. ಲೋಕೇಶ ನನ್ನ ಮುಖ ನೋಡಿ ಹತ್ತಿರ ಬಂದ. ತಿಮ್ಮಯ್ಯ ಆಚೆ ಮೂಲೆಯಲ್ಲಿ ಇನ್ನೂ ಒಂದೆರಡು ಪೆಟ್ಟು ಹಾಕುತ್ತಿದ್ದರು. ಅದು ಹೆಡ್‌ಫೋನಿನಿಂದ ಹೊರಗೆ ಬರುವುದು ಲೋಕೇಶನಿಗೂ ಕೇಳಿತು.

"ಏನ್ ಮಾವ, ಇಷ್ಟು ಜೋರಾಗಿ ಇಟ್ಕಂಡಿದ್ದೀಯ! ಕಿವುಡಾಗ್ಬುಟ್ಯಾ?" ಎಂದು ನಕ್ಕ.

ಎಲ್ಲರೂ ನಕ್ಕರು. ಲೋಕೇಶನ ಮಾತಿಗೆ ಅವರು ಯಾವಾಗಲೂ ನಗುವವರೇ. ಪುಟ್ಟರಾಜಣ್ಣ ಹೆಡ್‌ಫೋನ್ ಕಳಚಿ, ನಗುವ ಮುಖಗಳನ್ನು ನೋಡಿ ತಾವೂ ನಕ್ಕು, "ಊಂ, ಚೆಂದಾಗಿ ಬಂತು ಅಲ್ವಾ?" ಎಂದು ಕೇಳಿದರು.

ಆ ಉತ್ತರ ಲೋಕೇಶನ ಪ್ರಶ್ನೆಗೆ ಸಂಬಂಧವೇ ಇಲ್ಲದ್ದು. ನಗು ಒಬ್ಬೊಬ್ಬರ ಮುಖದಿಂದ ಇಳಿಯಿತು. ಪುಟ್ಟರಾಜಣ್ಣ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡುತ್ತಾ ಬಂದರು. ಕೊನೆಗೆ ಎದೆಮಟ್ಟದ ಮೂಟೆಗಳ ಆಚೆ ತಿಮ್ಮಯ್ಯನನ್ನು ನೋಡಿದರು. ತಿಮ್ಮಯ್ಯ ತಲೆ ತಗ್ಗಿಸಿ ಡ್ರಮ್ಮಿನ ಹಗ್ಗ ಸರಿಮಾಡುತ್ತಿದ್ದರು. ಅದು ಸರಿಯಾಗಿಯೇ ಇತ್ತು.

ಪುಟ್ಟರಾಜಣ್ಣ ಕ್ಲಾರಿನೆಟ್ಟಿನ ಬಾಯನ್ನು ಪಂಚೆಯ ಅಂಚಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು.

ಮೊದಲು ಕದಲಿದವರು ತಿಮ್ಮಯ್ಯ. ಡ್ರಮ್ಮು ಹೊತ್ತುಕೊಂಡು, ಮೂಟೆಗಳನ್ನು ಬಳಸಿ ಬಂದು, ಪುಟ್ಟರಾಜಣ್ಣನ ಹಿಂದೆ ರಸ್ತೆಯಲ್ಲಿ ನಿಲ್ಲುವ ಹಾಗೆಯೇ ನಿಂತರು. ಡ್ರಮ್ಮಿಗೂ ಮೇಷ್ಟ್ರ ಬೆನ್ನಿಗೂ ಅಂಗೈ ಅಗಲದ ಅಂತರ. ನನ್ನನ್ನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ನಾನು ಹೋಗಿ ರೆಕಾರ್ಡಿಂಗ್ ಗುಂಡಿ ಒತ್ತಿದೆ. ಆ ಕೊನೆಯ ಸಲ ಯಾರ ಕಾಲೂ ಕದಲಲಿಲ್ಲ. ಶಾಲೆಯ ವಾರ್ಷಿಕ ಫೋಟೊಗೆ ನಿಂತವರ ಹಾಗೆ ನಿಂತು ಬಾರಿಸಿದರು. ಡ್ರಮ್ಮು ಎಲ್ಲರ ಮೈಕಿಗೂ ಸೋರಿತು, ಕ್ಲಾರಿನೆಟ್ಟೂ ಎಲ್ಲರ ಮೈಕಿಗೂ ಸೋರಿತು. ಅದನ್ನೇ ಇಟ್ಟುಕೊಂಡೆವು. ಮುಗಿದ ಮೇಲೆ ಪುಟ್ಟರಾಜಣ್ಣ ಕ್ಲಾರಿನೆಟ್ಟನ್ನು ತುಂಡು ತುಂಡಾಗಿ ಬಿಚ್ಚಿ, ಒಂದೊಂದನ್ನೂ ಪೆಟ್ಟಿಗೆಯ ಅದರದರ ಗುಳಿಯಲ್ಲಿ ಮಲಗಿಸಿದರು.

ಮುಂದಿನ ಮದುವೆಗೆ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಹಳ್ಳಿಮೈಸೂರಿನ ಮಗಳ ಮನೆಗೆ ಹೋಗಿ ಉಳಿದರು ಎಂದು ತಿಳಿಯಿತು. ಲೋಕೇಶ ಟ್ರಂಪೆಟ್ ಹಿಡಿದು ಮುಂದೆ ನಡೆಯತೊಡಗಿದ. ನಾನು ಆ ಹಗಲನ್ನು ಮತ್ತೆ ಮತ್ತೆ ನೆನೆಯುತ್ತೇನೆ. ತಿಮ್ಮಯ್ಯ ಕದಲದೆ ನಿಂತಾಗ, ಏಕೆ ಎಂದು ಒಂದು ಮಾತು ನಾನು ಕೇಳಲಿಲ್ಲ. ಕೇಳಿದ್ದರೂ ಅವರು ಹೇಳುತ್ತಿರಲಿಲ್ಲವೇನೋ. ಆದರೆ ಮೈಕಿನ ಬೆನ್ನಿನ ಬಗ್ಗೆ ಅಷ್ಟು ಉದ್ದ ಮಾತನಾಡಿದವನಿಗೆ, ಕೇಳಿದ್ದರೆ ಏನಾಗುತ್ತಿತ್ತು ಎನ್ನುವ ಯೋಚನೆ ಬಿಡುವುದಿಲ್ಲ.

ಕೆಲವು ತಿಂಗಳಾದ ಮೇಲೆ ಲೋಕೇಶ ಹಾಸನಕ್ಕೆ ಬಂದ. ರೆಕಾರ್ಡಿಂಗ್ ಕೇಳಿಯೇ ಬುಕಿಂಗ್‌ಗಳು ಬರುತ್ತಿದ್ದವು. ತೊಂದರೆಯೂ ಅದೇ.

"ಬಂದೋರೆಲ್ಲ ಆ ಕ್ಲಾರಿನೆಟ್ಟೋರು ಎಲ್ಲಿ ಅಂತಾರೆ ಸಾ. ಚನ್ನರಾಯಪಟ್ಟಣದಲ್ಲಿ ಎಣ್ಣಿನ ತಂದೆ ಬೈದೇಬುಟ್ರು, ಕೇಳ್ಸೋದು ಒಂದು, ಕರ್ಕಂಡು ಬರೋದು ಒಂದು ಅಂತ. ಮಾವುಂದು ತೆಗ್ದು ಕೊಡಿ. ಉಳ್ದಿದ್ದು ಇರ್ಲಿ."

ನಾನು ಕ್ಲಾರಿನೆಟ್ಟಿನ ಮೈಕು ಹಿಡಿದದ್ದನ್ನು ಪೂರ್ತಿ ಮುಚ್ಚಿ ಕೇಳಿಸಿದೆ. ಕ್ಲಾರಿನೆಟ್ ಇತ್ತು. ಟ್ರಂಪೆಟ್ಟಿನದನ್ನು ಮುಚ್ಚಿದೆ, ಆಗಲೂ ಇತ್ತು. ಬೇರ್ಪಡಿಸುವ ಸಾಫ್ಟ್‌ವೇರಿನಲ್ಲಿ ಹಾಕಿ ನೋಡಿದೆ. ಅದು ಕ್ಲಾರಿನೆಟ್ಟಿನ ಜೊತೆ ಟ್ರಂಪೆಟ್ಟನ್ನೂ ಅರ್ಧ ಕಿತ್ತುಕೊಂಡು ಹೋಯಿತು; ಉಳಿದದ್ದು ಬಾವಿಯೊಳಗಿಂದ ಬಂದಂತಿತ್ತು. ಕೊನೆಗೆ ತಿಮ್ಮಯ್ಯನ ಡ್ರಮ್ಮಿನ ಮೈಕು ಒಂದನ್ನೇ ಬಿಟ್ಟೆ. ಪೆಟ್ಟು ಪೆಟ್ಟಿನ ನಡುವೆ ಕ್ಲಾರಿನೆಟ್ಟು ಸ್ವಚ್ಛವಾಗಿ, ಅಲ್ಲೇ ಪಕ್ಕದಲ್ಲಿ ನಿಂತಂತೆ ಕೇಳಿತು. ಲೋಕೇಶ ಅದನ್ನು ಕೊನೆಯವರೆಗೆ ಕೇಳಿದ. ಆಮೇಲೆ, "ನಡೀರಿ ಸಾ, ಓಗಿ ಕರ್ಕಂಡು ಬರಾಣ. ಬೈದ್ರೆ ಬೈಲಿ," ಎಂದ.

ಹಳ್ಳಿಮೈಸೂರಿನಲ್ಲಿ ಮಗಳ ಮನೆಯ ಮುಂದಿನ ಕಟ್ಟೆಯ ಮೇಲೆ ಪುಟ್ಟರಾಜಣ್ಣ ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ನೋಡಿ, "ಬನ್ನಿ ಸಾ, ಕೂತ್ಕಳಿ" ಎಂದರು. ಮುಖದಲ್ಲಿ ಸಿಟ್ಟು ಇರಲಿಲ್ಲ. ಲೋಕೇಶ ಅವರ ಬಲಗಿವಿಗೆ ಬಾಯಿಟ್ಟು ಕೂಗಿ ಕೂಗಿ ಎಲ್ಲ ಹೇಳಿದ. ಎಲ್ಲರೂ ಕೇಳುತ್ತಾರೆ, ನೀನು ಬರಬೇಕು, ಕಿವಿಗೆ ಮಿಷನ್ ಹಾಕಿಸೋಣ, ಅದಿಲ್ಲದಿದ್ದರೂ ತಿಮ್ಮಯ್ಯ ಹಿಂದೆ ಇರುತ್ತಾನಲ್ಲ.

ಅವರು ಕಾಳುಗಳನ್ನು ಮೊರದಲ್ಲಿ ಒಂದು ಕಡೆಗೆ ಒತ್ತರಿಸಿದರು.

"ಕೇಳಕಿಲ್ಲ ಅನ್ನೋದು ನಂಗೆ ಗೊತ್ತಿತ್ತು ಕಣ್ಲಾ. ಯಾರ್ಗೂ ಗೊತ್ತಿಲ್ಲ ಅನ್ಕಂಡಿದ್ದೆ. ಬೆನ್ಗೆ ಡ್ರಮ್ಮಿನ ಅದುರು ತಾಕೋದು, ನಾನು ನಡ್ಯೋದು, ಊದೋದು. ಅವ್ನು ನಂಗೋಸ್ಕರ ಅಷ್ಟು ಜೋರಾಗಿ ಒಡೀತಾವ್ನೆ ಅಂತ ಗೊತ್ತಿರ್ಲಿಲ್ಲ. ಊರೋರೆಲ್ಲ ಅವುನ್ನ ಬೈದ್ರು. ನಾನೂ ಬೈದೆ. ಆವತ್ತೂ ಎಲ್ಲಾರ ಮುಂದೆ ಬೈದೆ, ಸಾಹೇಬ್ರು ಇದ್ರಲ್ಲ. ಊಂ ಅಂದ. ಇನ್ನೆಂಗ್ಲಾ ಅವ್ನ ಮುಂದೆ ನಡೀಲಿ ನಾನು?"

ಅವರು ಇನ್ನೊಂದು ಕಾಯಿ ಎತ್ತಿಕೊಂಡು ಮತ್ತೆ ಹೇಳಿದರು.

"ತಿಮ್ಮಂಗೆ ಏಳು, ಇನ್ಮೇಲೆ ಮೆತ್ತಗೆ ಒಡೀಲಿ. ವಯಸ್ಸಾದ ಕೈ. ಯಾರಿಗೋಸ್ಕರ ನೋಯ್ಸ್ಕಬೇಕು?"

ಲೋಕೇಶ ನೆಲ ನೋಡುತ್ತಾ, ತನ್ನಷ್ಟಕ್ಕೆ ಹೇಳಿಕೊಂಡಂತೆ, "ನೀನು ಬಿಟ್ಟ ದಿನ್ದಿಂದ ಮೆತ್ತಗೇ ಒಡೀತಾವ್ನೆ ಮಾವ," ಎಂದ.

ಪುಟ್ಟರಾಜಣ್ಣ ಕೈಯಲ್ಲಿದ್ದ ಕಾಯಿ ಬಿಟ್ಟು, ಬಲಗಿವಿಯನ್ನು ಇತ್ತ ತಿರುಗಿಸಿ, "ಏನಂದೆ?" ಎಂದು ಕೇಳಿದರು.

ಲೋಕೇಶ ನನ್ನನ್ನು ನೋಡಿದ. ಅವನು ಮಾವನ ಕಿವಿಯ ಹತ್ತಿರ ಬಾಗಿ, "ಏಳ್ತೀನಿ ಬಿಡು ಮಾವ," ಎಂದು ಕೂಗಿದ.